ಬಾಲದ ಬಳಿಯ ನೆಗ್ಗು

ಮೇರ್ಸ್‌ಬುರ್ಗಿನ ಇಳಿಜಾರು ಓಣಿ. ಕೆಳಗೆ ಕೆರೆ.
ಕೆರೆಯೆನ್ನುವುದೇ ತಪ್ಪು, ಮೂರು ದೇಶ ಕೈತೊಳೆಯುವ ನೀರು ಅದು.
ಅಂಗಡಿ ಗೆಬ್‌ಹಾರ್ಟನದು. ನಾನು ಹಿಂದಿನ ಕೋಣೆಯವನು:
ತುಕ್ಕು ಕೆರೆಯುವವನು, ಕಳೆದ ಕೀಲಿಗೆ ಕೀಲಿ ಅರೆಯುವವನು,
ತಗಡಿನ ಕರಡಿಗೆ ಕಣ್ಣು ಬರೆಯುವವನು.

ಬುಧವಾರ ಆ ಮುದುಕಿ ತಂದದ್ದು
ದಿಂಬಿನ ಚೀಲದಲ್ಲಿ ಸುತ್ತಿದ ಒಂದು ಆಕಾಶನೌಕೆ.
ಮೊಳಕ್ಕೆ ಎರಡು ಬೆರಳು ಕಡಿಮೆ. ಬೆಳ್ಳಿಬಣ್ಣ ಹೊಗೆ ಹಿಡಿದು
ಹಳೇ ಸೌಟಿನ ಬಣ್ಣಕ್ಕೆ ತಿರುಗಿದೆ.
ಹೊಟ್ಟೆಯಡಿ ತೊಟ್ಟಿಲಿನಂಥ ಪುಟ್ಟ ಕೋಣೆ, ಅದರಲ್ಲಿ ಇಬ್ಬರು;
ಒಬ್ಬನಿಗೆ ಮೀಸೆ, ಇನ್ನೊಬ್ಬನಿಗೆ ತಲೆಯೇ ಇಲ್ಲ.
ಕೀಲಿ ಕೊಟ್ಟರೆ ಹಿಂದಿನ ಪಂಖ ಮೂರು ಸುತ್ತು ಸುತ್ತಿ
ಏನೋ ನೆನಪಾದಂತೆ ನಿಲ್ಲುತ್ತದೆ.
ಬಾಲದ ಬಳಿ, ಎಡಕ್ಕೆ, ಒಂದು ನೆಗ್ಗು.

"ಬಿದ್ದದ್ದು," ಅಂದಳು ಓಟಿಲಿಯ ಬ್ರುಗ್ಗರ್, ಕೇಳುವ ಮೊದಲೇ.
"ಕಪಾಟಿನ ಮೇಲಿಂದ. ನಾನು ಹುಟ್ಟುವ ಮುಂಚೆ."
ಗೆಬ್‌ಹಾರ್ಟ್ ನೆಗ್ಗಿಗೆಂದು ನಲವತ್ತು ಯೂರೋ ಕಳೆದ.
ನನಗೆ ಹೇಳಿದ: ಒಳಗಿಂದ ತಟ್ಟು, ಬಣ್ಣ ಮುಟ್ಟಬೇಡ.

ದೀಪದಡಿ ತಿರುಗಿಸಿ ನೋಡಿದೆ. ಬಿದ್ದ ತಗಡು
ಒಂದೇ ಕಡೆ ತಗ್ಗುತ್ತದೆ. ಇದು ಮೇಲೂ ಕೆಳಗೂ
ಎದುರುಬದುರಾಗಿ ತಗ್ಗಿದೆ, ಯಾರೋ ಹಿಡಿದು ಬಿಡದ ಹಾಗೆ.
ಸುತ್ತಿಗೆ ಎತ್ತಿದೆ.
ಇಟ್ಟೆ.
ಕಾಫಿ ಮಾಡಿಕೊಂಡೆ.

ಶನಿವಾರ ಬಂದವನು ಹಲ್ಲಿನ ಡಾಕ್ಟರು, ನೀಹೂಸ್.
ಬಾಯ್ತೆರೆದು ಮಲಗಿದವರಿಗೆ ಸೂರಿನಲ್ಲಿ
ನೋಡಲೊಂದು ಏನಾದರೂ ಬೇಕಿತ್ತು ಅವನಿಗೆ.
ನೌಕೆಯನ್ನೆತ್ತಿ, ಕನ್ನಡಕ ಹಣೆಗೇರಿಸಿ, ನೆಗ್ಗಿಗೆ ಉಗುರಿಟ್ಟು
ನಾಳೆ ಮೋಡ ಎನ್ನುವವರ ದನಿಯಲ್ಲಿ ಅಂದ:
"ಹಾಲುಹಲ್ಲು. ಮೇಲೆ ನಾಲ್ಕು, ಕೆಳಗೆ ಮೂರು,
ಒಂದು ಆಗಲೇ ಬಿದ್ದಿದೆ. ಆರು ವರ್ಷ, ಹೆಚ್ಚೆಂದರೆ ಏಳು.
ಆಟಕ್ಕೆ ಕಚ್ಚಿದ್ದಲ್ಲ ಇದು, ತಿನ್ನಲು ಕಚ್ಚಿದ್ದು."

ಹಣಕ್ಕೆಂದು ಬಂದ ಓಟಿಲಿಯ ಬಾಗಿಲಲ್ಲೇ ಇದ್ದಳು.

ಬಿಟ್ಟು ಬಿಟ್ಟು ಹೇಳಿದಳು. ಅದು ಅವಳ ಅಮ್ಮನ ಬಾಯಿ,
ಕ್ರೆಸೆಂಟ್ಸಿಯಳದು. ಹದಿನೇಳನೇ ಇಸವಿ, ಚಳಿ, ಯುದ್ಧ,
ಮೂರು ಹೊತ್ತೂ ಟರ್ನಿಪ್ಪಿನ ಗಂಜಿ.
ಅಜ್ಜಿಗೆ ದಡದ ಶೆಡ್ಡಿನಲ್ಲಿ ಕೂಲಿ:
ದನದ ಕರುಳಿನ ಪೊರೆ ಸುಲಿದು, ತೊಳೆದು,
ಪದರದ ಮೇಲೆ ಪದರ ಅಂಟಿಸುವುದು,
ನೌಕೆಯ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ.
ಕರುಳು ಚುರ್ರೆಂದಿತು ಅನ್ನುತ್ತೇವೆ ನಾವು ಸುಲಭವಾಗಿ;
ಆ ಕೈಗೆ ಕರುಳೆಂದರೆ ತಣ್ಣಗೆ, ಜಾರುವಂಥದು,
ಸಂಜೆ ಎಣಿಸಿ ಒಪ್ಪಿಸುವಂಥದು.
ಸಾಸೇಜು ತುಂಬಲು ಊರಲ್ಲಿ ಕರುಳಿಲ್ಲ. ಹಠ ಹಿಡಿದ ಮಗಳಿಗೆ
ಕಿಟಕಿಯಾಚೆ, ಮೇಲೆ, ತೋರಿಸಿ ಅಂದಳಂತೆ:
ನೋಡು, ನಿನ್ನ ಸಾಸೇಜೆಲ್ಲ ಅದರೊಳಗಿದೆ.

ಮಗು ನಂಬಿತು.
ಆ ನೌಕೆ ಆಕಾಶದಲ್ಲಿ. ಈ ನೌಕೆ ಕಪಾಟಿನ ಮೇಲೆ.
ಸ್ಟೂಲು ಎಳೆದು ಹತ್ತಿತು.

"ಸಾಯುವವರೆಗೂ ಅಮ್ಮ ಡಬ್ಬಿಯ ಮೀನು ಮುಟ್ಟಲಿಲ್ಲ," ಅಂದಳು ಓಟಿಲಿಯ,
"ತಗಡಿನ ವಾಸನೆ ಅನ್ನುವಳು. ನಾವು ನಗುತ್ತಿದ್ದೆವು."
ನಗಲು ಹೋಗಿ ಅವಳು ಕೈಚೀಲದ ಗುಂಡಿ ಹಾಕಿದಳು, ತೆಗೆದಳು.
ನಲವತ್ತು ಕಳೆದಿದ್ದ ಗೆಬ್‌ಹಾರ್ಟ್
ಚೀಟಿ ಕಿತ್ತು ಹೊಸದು ಬರೆದ, ತೊಂಬತ್ತು ಸೇರಿಸಿ.
ಆ ತೊಂಬತ್ತರಲ್ಲಿ ಅವಳಿಗೇನೂ ಬರಲಿಲ್ಲ.
ನಾನೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟದ್ದು ನವೆಂಬರಿನಲ್ಲಿ, ದವಡೆಹಲ್ಲಿಗೆ.
ನೀಹೂಸನ ಕುರ್ಚಿ ಹಿಂದಕ್ಕೆ ವಾಲಿತು. ಮೇಲೆ, ಎರಡು ತಂತಿಯಲ್ಲಿ,
ಹೀಟರಿನ ಗಾಳಿಗೆ ಅದು ನಿಧಾನ ತಿರುಗುತ್ತಿತ್ತು,
ಮೀಸೆಯವನು ಬಂದ, ತಲೆಯಿಲ್ಲದವನು ಬಂದ,
ಆಮೇಲೆ ಬಾಲ.
ಹೊಟ್ಟೆಯಲ್ಲಿ ಬೆಳಗಿನಿಂದ ಏನೂ ಇರಲಿಲ್ಲ ನನಗೆ.
"ಇನ್ನೂ ಅಗಲ," ಅಂದ ಡಾಕ್ಟರು.