ಐವತ್ತು ಪ್ಯಾಸ್ಕಲ್

ಬಾಗಿಲ ಚೌಕಟ್ಟಿಗೆ ಕೆಂಪು ಬಟ್ಟೆ ಬಿಗಿದು
ನಡುವೆ ಫ್ಯಾನು ಕೂರಿಸುತ್ತೇನೆ.
ನನ್ನ ಕೆಲಸ ಇಷ್ಟೇ: ಮನೆಯ ಉಸಿರನ್ನು ಹೊರಗೆಳೆದು
ಅದು ಎಲ್ಲೆಲ್ಲಿಂದ ಮತ್ತೆ ಒಳಗೆ ನುಸುಳುತ್ತದೆಂದು
ಕದ್ದು ನೋಡುವುದು.

ಲ್ಯೂಯಿಸ್ಟನ್, ಮೇನ್ ರಾಜ್ಯ. ಫೆಬ್ರವರಿ.
ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ.
ಜವಳಿ ಗಿರಣಿಯ ಆಳುಗಳಿಗೆಂದು
ಅವಸರದಲ್ಲಿ ಎಬ್ಬಿಸಿದ ಮರದ ಮನೆ;
ಮೂರು ಅಂತಸ್ತು, ಮೂರು ಅಡುಗೆಮನೆ,
ನೆಲಮಾಳಿಗೆಯಲ್ಲಿ ಒಂದೇ ಬಾಯ್ಲರು,
ಅದರ ಹೊಟ್ಟೆಗೆ ವರ್ಷಕ್ಕೆ ಎರಡು ಸಾವಿರ ಗ್ಯಾಲನ್ ಎಣ್ಣೆ.

ಮಾಲೀಕ ನಾರ್ಮಂಡ್ ಗೊಸ್ಲಿನ್
ಮೂವತ್ತೊಂದು ವರ್ಷ ಎಣ್ಣೆ ಲಾರಿ ಓಡಿಸಿದವನು.
ಯಾವ ಮನೆಯ ಟ್ಯಾಂಕು ಯಾವ ತಿಂಗಳು ಬರಿದಾಗುತ್ತದೆ,
ಯಾರು ಬಾಕಿ ಉಳಿಸಿಕೊಳ್ಳುತ್ತಾರೆ,
ಇವತ್ತಿಗೂ ಬಾಯಿಪಾಠ.
"ನನ್ನ ಮನೆ ಗಟ್ಟಿ" ಎಂದು ಗೋಡೆ ತಟ್ಟಿ ತೋರಿಸಿದ.
ಗೋಡೆ ಗಟ್ಟಿ, ನಿಜ.
ಗಾಳಿಗೆ ಅದರ ಪರಿವೆಯಿಲ್ಲ.

ಫ್ಯಾನು ಗುರ್ ಎಂದಿತು. ಮುಳ್ಳು ಐವತ್ತು ಪ್ಯಾಸ್ಕಲಿಗೆ ಬಂದು ನಿಂತಿತು.
ಹೊಗೆಯ ಕಡ್ಡಿ ಹಿಡಿದು ಗೋಡೆಗುಂಟ ನಡೆದೆ:
ಸ್ವಿಚ್ಚಿನ ಹಿಂದೆ ಹೊಗೆ ಬೆದರಿತು,
ಸಿಂಕಿನ ಕೊಳವೆಯ ಪಕ್ಕ ಮಗ್ಗುಲು ಬದಲಿಸಿತು,
ಅಟ್ಟದ ಮುಚ್ಚಳದಡಿ
ಯಾರೋ ಹೆಸರು ಹಿಡಿದು ಕರೆದ ಹಾಗೆ ಹೊರಳಿತು.
ಎರಡನೇ ಅಂತಸ್ತಿನ ಹುಡುಗ ಲಿಬಾನ್ ನನ್ನ ಬೆನ್ನಿಗೇ ಅಂಟಿಕೊಂಡು
ಸಿಕ್ಕ ಬಿರುಕಿಗೆಲ್ಲ ಸೀಮೆಸುಣ್ಣದಲ್ಲಿ
ಒಂದೊಂದು ಮೀನು ಬರೆದ.
ಎಪ್ಪತ್ತೊಂದು ಮೀನು.

ಹನಿಗೂಡಿ ಹಳ್ಳ, ಬಿರುಕುಗೂಡಿ ಕಿಟಕಿ:
ಎಲ್ಲ ಕೂಡಿಸಿದರೆ ಮೂರಡಿ ಅಗಲ, ಮೂರಡಿ ಎತ್ತರ,
ನೂರಿಪ್ಪತ್ತು ಚಳಿಗಾಲ ಯಾರೂ ಮುಚ್ಚದೆ ಬಿಟ್ಟದ್ದು.

ಬಚ್ಚಲ ಗೋಡೆ ಕೊರೆದಾಗ
ಒಳಗಿಂದ ಬಂದದ್ದು ಫ್ರೆಂಚ್ ಪತ್ರಿಕೆಯ ಮುದ್ದೆ, ೧೯೧೧.
ನಾರ್ಮಂಡ್ ಕನ್ನಡಕ ಹುಡುಕಿ
ತನ್ನ ತಾಯಿ ಬಯ್ಯುತ್ತಿದ್ದ ಭಾಷೆಯಲ್ಲಿ ಓದಿದ:
"ಹೊಗೆಯಿಲ್ಲದ ಕಲ್ಲಿದ್ದಲು! ಇನ್ನು ಸೌದೆ ಯಾಕೆ?"
ನಕ್ಕ. ಕೆಮ್ಮು ಬಂತು. ಆಮೇಲೆ ಸುಮ್ಮನಾದ.

ರಾತ್ರಿಪಾಳಿ ಮುಗಿಸಿ ಬಂದ ಇಫ್ರಾಹ್, ಲಿಬಾನನ ತಾಯಿ,
ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು ಕೇಳಿದಳು:
"ಎಣ್ಣೆ ಹೋಗಿ ಆ ಬಿಳಿ ಪೆಟ್ಟಿಗೆ ಬಂದರೆ ಕರೆಂಟು ಬೇಕಲ್ಲ?"
ಬೇಕು.
"ಎಣ್ಣೆಯ ದುಡ್ಡು ಬಾಡಿಗೆಯಲ್ಲೇ ಸೇರಿದೆ.
ಕರೆಂಟು ಯಾರ ಮೀಟರು?"

ನನ್ನ ಚೀಲದಲ್ಲಿ ಎಲ್ಲ ಅಳೆಯುವ ಉಪಕರಣವೂ ಇತ್ತು.

ಮುಂದಿನ ಮಂಗಳವಾರ ಅಗಸ್ಟಾ, ರಾಜಧಾನಿ.
ಕಟ್ಟಡಗಳು ಉಗುಳುವ ಅನಿಲ
ಹದಿನೈದು ವರ್ಷದಲ್ಲಿ ಅರ್ಧಕ್ಕಿಳಿಯಬೇಕೆಂಬ ಮಸೂದೆ.
ಒಬ್ಬೊಬ್ಬರಿಗೆ ಮೂರು ನಿಮಿಷ: ಹಸಿರು ದೀಪ, ಹಳದಿ, ಕೆಂಪು.
ಎಣ್ಣೆ ವ್ಯಾಪಾರಿಗಳ ವಕೀಲ ನಯವಾಗಿ ಮಾತಾಡಿದ,
ವಿಶ್ವವಿದ್ಯಾಲಯದಾಕೆ ನಕ್ಷೆ ತೋರಿಸಿದಳು,
ಯಾರೋ ಹಿಮ ನೆನೆದು ಅತ್ತರು.
ಸೆನೆಟರೊಬ್ಬ ಆಕಳಿಸಿ, ಅದನ್ನು ಕೆಮ್ಮಾಗಿ ತಿದ್ದಿಕೊಂಡ.
ನಾನು ಟನ್ನು ಎಂದೆ, ಶೇಕಡಾ ಎಂದೆ.
ಹಳದಿ ಹತ್ತಿದಾಗ ಕಾಗದ ಮಡಚಿ
ಆಕೆಯ ಮಾತನ್ನು ಹಾಗೇ ಮೇಜಿನ ಮೇಲಿಟ್ಟೆ:
ಯಾರ ಮೀಟರು?
ಕೆಂಪು.

ಹಿಂದಿನ ಸಾಲಿನಿಂದ ಎದ್ದದ್ದು ನಾರ್ಮಂಡ್!
ಎಣ್ಣೆ ಕಂಪನಿಯ ಹಳೇ ಜಾಕೀಟು, ಎದೆಯ ಮೇಲೆ ಅವರ ಹೆಸರು,
ವಿರೋಧದ ಪಟ್ಟಿಯಲ್ಲಿ ಸಹಿ.
"ವಿರೋಧವೇ" ಎಂದ,
"ಆದರೆ ನನ್ನ ಮನೆಯಲ್ಲಿ ಎಪ್ಪತ್ತೊಂದು ಮೀನಿವೆ."
ಅಧ್ಯಕ್ಷೆ ಗುಮಾಸ್ತನ ಮುಖ ನೋಡಿದಳು.
ಉಳಿದ ಎರಡೂಮುಕ್ಕಾಲು ನಿಮಿಷ
ದೀಪದ ಬಣ್ಣ ಬದಲಾಗುವುದನ್ನೇ ನೋಡುತ್ತ
ಅವನು ನಿಂತಿದ್ದ.

ಮಸೂದೆ ಮುಂದಿನ ಅಧಿವೇಶನಕ್ಕೆ ಜಾರಿತು.
ಕಡತದ ಅಂಚಿನಲ್ಲಿ ಯಾರದೋ ಕೈಬರಹ:
"ಬಾಡಿಗೆದಾರರ ಮೀಟರು, ಪರಿಶೀಲಿಸಿ."
ಪೆನ್ಸಿಲು.

ಏಪ್ರಿಲಿನಲ್ಲಿ ಹೋದರೆ ಬಾಯ್ಲರು ಇನ್ನೂ ಉರಿಯುತ್ತಿದೆ.
ಆದರೆ ಅಟ್ಟಕ್ಕೆ ಸೆಲ್ಯುಲೋಸು ತುಂಬಿಸಿದ್ದಾನೆ
(ಅದೂ ಚಿಂದಿ ಮಾಡಿದ ಪತ್ರಿಕೆಯೇ),
ಬಿರುಕಿಗೆಲ್ಲ ಹಳದಿ ನೊರೆ ಬಳಿದಿದ್ದಾನೆ,
ಮೀನುಗಳನ್ನು ಮಾತ್ರ ಒರೆಸಿಲ್ಲ:
ನೊರೆಯಲ್ಲಿ ಅರ್ಧ ಮುಳುಗಿ, ಬಾಯಿ ಹೊರಗೆ.

ಆ ಹಳೇ ಕಾಗದ ಎಲ್ಲಿ ಎಂದೆ.
ವಾಪಸು ಗೋಡೆಯೊಳಕ್ಕೇ ತುರುಕಿದನಂತೆ,
ಜೊತೆಗೆ ಆವತ್ತಿನದೂ ಒಂದು.
ಯಾವ ಸುದ್ದಿಯಿತ್ತು?
"ನೋಡಲಿಲ್ಲ. ದಪ್ಪಗಿತ್ತು."