ತಟ್ಟೆಯ ಚಿಲ್ಲರೆ

ತ್ಬಿಲಿಸಿಯ ಈ ಹಳೇ ಕಟ್ಟಡದ ಲಿಫ್ಟು
ಇಳಿಯುವವರನ್ನು ಏನೂ ಕೇಳುವುದಿಲ್ಲ.
ಏರಬೇಕೆಂದರೆ ಮಾತ್ರ
ಡಬ್ಬಿಯ ಬಾಯಿಗೆ ಹತ್ತು ತೆತ್ರಿ.

ಅದಕ್ಕೇ ನಮ್ಮ ಬಾಗಿಲ ಬಳಿ ಅಂಚು ಮುಕ್ಕಾದ ತಟ್ಟೆ.
ತುಂಬುವವನು ನುಗ್ಜರ್, ಬರಿದು ಮಾಡುವವಳು ನಾನು.
ಮಾತಾಡಿ ಹಂಚಿಕೊಂಡದ್ದಲ್ಲ, ಹನ್ನೊಂದು ವರ್ಷದಲ್ಲಿ
ಹಾಗೇ ಆಗಿಹೋಯಿತು.

ಮಾತು ಬಿಟ್ಟು ಇವತ್ತಿಗೆ ಆರು ದಿನ.
ಕಾರಣ ಅವನ ತಂಗಿ,
ಅಥವಾ ತಂಗಿಯ ಬಗ್ಗೆ ನಾನಂದದ್ದು,
ಅಥವಾ ಅಂದ ದನಿ:
ನನಗೇ ಅದು ನನ್ನ ಅಮ್ಮನದರಂತೆ ಕೇಳಿಸಿತು.
ಉಪ್ಪು ಬೇಕಾದರೆ ಈಗ ಬೆಕ್ಕಿಗೆ ಹೇಳುತ್ತೇವೆ.

ತಟ್ಟೆ ಮಾತ್ರ ದಿನಾ ತುಂಬಿರುತ್ತದೆ.
ಮುಟ್ಟುವುದಿಲ್ಲ ನಾನು. ಎಂಟು ಮಹಡಿ ಹತ್ತುತ್ತೇನೆ.
ಐದರಲ್ಲಿ ಎತೇರಿ ಅಜ್ಜಿ ಬಾಗಿಲ ಸಂದಿಯಿಂದ
'ಲಿಫ್ಟು ಕೆಟ್ಟಿದೆಯಾ?' ಅನ್ನುತ್ತಾಳೆ.
'ಹೂಂ, ಕೆಟ್ಟಿದೆ.'
ಅಷ್ಟರಲ್ಲೇ ಅದು ಗುಡುಗುಡು ಅನ್ನುತ್ತ
ನಮ್ಮಿಬ್ಬರನ್ನೂ ದಾಟಿ ಮೇಲೆ ಹೋಗುತ್ತದೆ.

ನಿನ್ನೆ ಚೀಲದ ತುಂಬ ಆಲೂಗಡ್ಡೆ, ಹುಳಿ ಪ್ಲಮ್ಮು.
ಏಳರಲ್ಲಿ ಕೂತುಬಿಟ್ಟೆ.
ಮೇಲೆ ನಮ್ಮ ಬಾಗಿಲು ತೆರೆದ ಸದ್ದು.
ಇಳಿದು ಬರಲಿಲ್ಲ ಅವನು.
ಮೆಟ್ಟಿಲ ದೀಪ ಅರ್ಧ ನಿಮಿಷಕ್ಕೆ ತಾನೇ ಆರುವಂಥದ್ದು.
ಆರಿತು, ಒತ್ತಿದ. ಆರಿತು, ಒತ್ತಿದ.
ನಾನು ಎದ್ದು ಹತ್ತಿ ಮುಗಿಸುವವರೆಗೂ
ಗುಂಡಿಯ ಮೇಲಿಂದ ಬೆರಳು ತೆಗೆಯಲಿಲ್ಲ,
ಒಳಗೆ ಹೋದಾಗ ಮಾತ್ರ
ಪೇಪರಿನ ಹಿಂದೆ ಕೂತಿದ್ದ.

ಇವತ್ತು ಹೊರಡುವಾಗ
ತಟ್ಟೆಯಿಂದ ಒಂದೇ ಒಂದು ಬಿಲ್ಲೆ ಎತ್ತಿಕೊಂಡೆ,
ಅವನಿಗೆ ಕೇಳುವಷ್ಟು
ಸದ್ದು ಮಾಡಿ.