ಚೀಲದ ಬಾಯಿ

ಕಡೀ ತಾರೀಖು ಶುಕ್ರವಾರ.
ಡಿಗ್ರಿಗಿ ನಾಕು ಕ್ರೆಡಿಟ್ ಕಮ್ಮಿ ಅವ ನನಗ.
ಮದುವಿ, ಬಾಣಂತನ, ಮತ್ತ ಕಪನೂರಿನ ದಾಲ್‌ಮಿಲ್ಲು,
ಹನ್ನೊಂದು ವರ್ಷದಾಗ ಉಳಕೊಂಡ ಬಾಕಿ ಇಷ್ಟೇ.
ಕ್ಲಾಸಿಗಿ ಕೂಡೂದು ಬ್ಯಾಡಂತ. ಒಂದು ಪರೀಕ್ಷೆ ಬರದ್ರ ಸಾಕು,
ಮೂರು ತಾಸು, ನೂರು ಪ್ರಶ್ನೆ,
ಪೆನ್ನು ಸೈತ ಬ್ಯಾಡ, ಮೌಸ್ ಹಿಡದು ಒತ್ತೂದು.
ಯಾವ ವಿಷಯ ಅನ್ನೂದು ನಿಮಗ ಬಿಟ್ಟದ್ದು, ಅಂತದ ಫಾರ್ಮು.

ಸೂಪರ್ ಮಾರ್ಕೆಟ್ ಹಿಂದಿನ ಕಂಪ್ಯೂಟರ್ ಅಂಗಡಿ ಜಗದೇವಪ್ಪ
ಬೆರಳು ಕೀಲಿ ಮ್ಯಾಲ ಇಟ್ಕೊಂಡೇ ಅಂದ:
'ಪರಿಸರ ತಗೋರಿ ಅಕ್ಕ, ಗಿಡ, ಮರ, ಎಲ್ಲಾ ಗೊತ್ತಿದ್ದದ್ದೇ.
ಸಂಖ್ಯಾಶಾಸ್ತ್ರ ಬ್ಯಾಡ. ಭಾಳ ಮಂದಿ ಫೇಲಾಗ್ಯಾರ.'
ಎಷ್ಟು ಮಂದಿ? ಕೇಳ್ದೆ.
'ಭಾಳ.'
ಎಷ್ಟು ಮಂದ್ಯಾಗ?
ಅವ ನನ್ನ ಮಾರಿ ನೋಡ್ದ.
ಫ್ಯಾನು ಒಂದು ಸುತ್ತು ತಿರುಗಿ ಕಟಕ್ ಅಂತು.

ಪಾಸಾದವ್ರು ತಿರುಗಿ ನಿನ್ನ ಅಂಗಡಿಗಿ ಯಾಕ ಬರ್ತಾರಪ್ಪ,
ಮತ್ತ ಫೀ ಕಟ್ಲಾಕ ಫೇಲಾದವ್ರೇ ಬರೂದು –
ಇದು ನಾ ಅಂದಿದ್ದಲ್ಲ. ಆಮ್ಯಾಲ ಆಟೋದಾಗ ಹೊಳೀತು.

ನನ್ನ ಕೆಲಸ ಏನಂದ್ರ,
ಚಿತ್ತಾಪುರ, ಸೇಡಂ, ಆಳಂದದಿಂದ ಬಂದ ತೊಗರಿ ಚೀಲಕ್ಕ
ಪರಖಿ ಚುಚ್ಚೂದು.
ಕಬ್ಬಿಣದ ನಳಿಗಿ, ತುದಿ ಚೂಪು, ಹೊಟ್ಟಿ ಸೀಳು.
ಒಂದು ಚುಚ್ಚಿಗಿ ಒಂದು ಮುಷ್ಟಿ ಕಾಳು ಅಂಗೈಗಿ ಇಳೀತಾವ.
ಕಲ್ಲೆಷ್ಟು, ಹುಳ ಹಿಡದದ್ದೆಷ್ಟು,
ಮಶೀನಿಗಿ ಹಾಕಿ ತೇವ ನೋಡಿ ಚೀಟಿ ಬರಿಯೂದು.
ಆ ಚೀಟಿ ಮ್ಯಾಲ ಇನ್ನೂರು ಚೀಲದ ದರ ನಿಂತಿರ್ತದ.

ನಮ್ಮತ್ತಿ ಅಂತಾಳ, ಅನ್ನ ಬೆಂದದೋ ಇಲ್ಲೋ
ಒಂದು ಅಗಳು ಹಿಚುಕಿದ್ರ ಗೊತ್ತಾಗ್ತದ.
ಖರೆ ಅತ್ತಿ. ಗಡಿಗಿ ಕುದ್ದು ಕುದ್ದು ತನ್ನಷ್ಟಕ ತಾನೇ ಕಲಸ್ಕೊಂಡಿರ್ತದ.
ಚೀಲ ಕುದಿಯಂಗಿಲ್ಲ.
ಬಾಯಾಗ ಬಂಗಾರದಂಥ ಕಾಳು,
ತಳದಾಗ ಹೋದ ವರ್ಷದ್ದು,
ನಡುವ ಒಂದು ಬೊಗಸಿ ಹೊಲದ ಮಣ್ಣು.
ಚೀಲದ ಬಾಯಿ ನೋಡಿ ದರ ಹೇಳ್ದವ ಕೆಟ್ಟ.

ಇದಕ್ಕೊಂದು ಹೆಸರದ ಅಂತ ನನಗ ಗೊತ್ತಿದ್ದಿಲ್ಲ.
ರದ್ದಿ ಅಂಗಡ್ಯಾಗ ಮೂವತ್ತು ರೂಪಾಯಿಗಿ ಸಿಕ್ಕ ಪುಸ್ತಕದಾಗ,
ಯಾರೋ ಫರ್ಹಾನಾ, ಬಿಎ ಎರಡನೇ ವರ್ಷ,
ಹಸಿರು ಶಾಯಿಲೆ ಗೆರಿ ಎಳದ ಪುಟದಾಗ ಇತ್ತು:
ಯಾದೃಚ್ಛಿಕ ಮಾದರಿ.
ನಾಲಿಗಿ ಮೂರು ಸಲ ಎಡವಿತು. ಆಮ್ಯಾಲ ನಗಿ ಬಂತು.
ಖಾಸಿಂ ಚಾಚಾ ಮೊದಲನೇ ದಿನಾನೇ ಹೇಳಿದ್ದ:
'ಮಾಲಕ ತೋರ್ಸಿದ ಚೀಲ ಚುಚ್ಚಬ್ಯಾಡವ್ವ.
ಲಾರಿಗಿ ಬೆನ್ನ ಮಾಡಿ ನಿಂತು ಒಂದು ನಂಬರ್ ಹೇಳು,
ಆ ನಂಬರಿಂದು ಇಳಸ್ತೀನಿ.'

ಸುಳ್ಳು ಯಾಕ ಹೇಳ್ಲಿ, ಅಂಜಿಕಿ ಅದ.
ಹತ್ತನೇದರಾಗ ಗಣಿತ ಎರಡು ಸಲ ಹೋಗಿತ್ತು.
ಸಿಗ್ಮಾ ಅನ್ನೂ ಅಕ್ಷರ ಮುರದ ಕುರ್ಚಿ ಹಂಗ ಕಾಣ್ತದ.
ಪರಿಸರದಾಗ ಅರವತ್ತು ಬರಬಹುದು,
ಇದರಾಗ ನಲವತ್ತು ಬಂದ್ರ ಪುಣ್ಯ.
ಎರಡೂ ಕಡಿ ನಾಕು ಕ್ರೆಡಿಟ್ ನಾಕೇ.
ಸರ್ಟಿಫಿಕೇಟಿನ್ಯಾಗ ಯಾವ ವಿಷಯ ಅಂತ
ಯಾರೂ ಕನ್ನಡಕ ಹಾಕ್ಕೊಂಡು ಓದಂಗಿಲ್ಲ.

ಗುರುವಾರ ರಾತ್ರಿ ಕರೆಂಟ್ ಹೋತು.
ಹಳೇ ಪ್ರಶ್ನೆಗೋಳು ಹನ್ನೆರಡು, ಕಣ್ಣು ಮುಚ್ಚಿ ಬೆರಳಿಟ್ಟು ಆರಿಸ್ದೆ,
ಮೊಬೈಲ್ ಬೆಳಕಿನ್ಯಾಗ ಬಿಡಿಸ್ದೆ.
ಐದು ಸರಿ.
ಹನ್ನೆರಡರಾಗ ಐದು. ಸಣ್ಣ ಮಾದರಿ,
ಇದರ ಮ್ಯಾಲ ದರ ಕಟ್ಲಾಕ ಬರಂಗಿಲ್ಲ.
ಮತ್ತ ಹನ್ನೆರಡು ತಗದೆ.

'ಪರಿಸರ ಒತ್ಲೇನ್ರಿ?' ಅಂದ ಜಗದೇವಪ್ಪ.
ಮೌಸ್ ಇಲ್ಲಿ ಕೊಡು ಅಂದೆ.
ಅಂಗೈಯಾಗ ತೊಗರಿ ಧೂಳಿತ್ತು, ಸೀರಿಗಿ ಒರಿಸ್ಕೊಂಡೆ,
ಅರ್ಧ ಹೋತು,
ಅರ್ಧ ಮೌಸಿಗಿ ಹತ್ತಿತು.